ಸಖಿಗೆ ತಿಳಿಯದ ಊರು

ಜೂನ್ ೨, ಸೋಮವಾರ

ಇಂದಿನಿಂದ ನಾನು ಪಾರ್ಟ್‌ನರ್. ಮರಿಸ್ವಾಮಿ, ಎಚ್.ಆರ್. ಬಿಸಿನೆಸ್ ಪಾರ್ಟ್‌ನರ್, ಕೊಪ್ಪಳ ಘಟಕ. ಪುಣೆಯ ಹೆಡ್ಡಾಫೀಸಿನಿಂದ ಹೊಸ ಗುರುತಿನ ಕಾರ್ಡು ಬಂದಿದೆ. ಈ ಗೊಂಬೆ ಕಾರ್ಖಾನೆಗೆ ಟೈಮ್ ಕೀಪರ್ ಎಂದು ಸೇರಿದಾಗ ಗೇಟಿನಲ್ಲಿ ನಿಂತು ಸೀಟಿ ಊದುತ್ತಿದ್ದೆ. ಆಮೇಲೆ ಪರ್ಸೊನೆಲ್ ಆಫೀಸರ್ ಅಂದರು, ಸೀಟಿ ಹೋಗಿ ಪೆನ್ನು ಬಂತು. ಆಮೇಲೆ ಎಚ್.ಆರ್. ಅಂದರು, ಪೆನ್ನು ಹೋಗಿ ಕಂಪ್ಯೂಟರ್ ಬಂತು. ಈಗ ಪಾರ್ಟ್‌ನರ್. ಇದರಲ್ಲಿ ಏನು ಬಂತು, ಏನು ಹೋಯಿತು ಎಂದು ಇನ್ನೂ ಗೊತ್ತಾಗಿಲ್ಲ. ಆದರೆ ಕಾರ್ಡು ಚೆನ್ನಾಗಿದೆ, ಫೋಟೊದಲ್ಲಿ ಮೀಸೆ ಎದ್ದು ಕಾಣುತ್ತದೆ.

ಫಕೀರಮ್ಮನಿಗೆ ತೋರಿಸಿದೆ. ಮುಟ್ಟದೆ ದೂರದಿಂದಲೇ ನೋಡಿದಳು. "ಪಾರ್ಟ್ನರ್ ಅಂದ್ರ ನೀವೂ ರೊಕ್ಕ ಹಾಕೀರೇನ್ರಿ?" ಅಂದಳು. ಹೆಂಡತಿಗೆ ಹುದ್ದೆಯ ಘನತೆ ತಿಳಿಸುವುದು ಯಾವ ಆಫೀಸರನಿಂದಲೂ ಆಗದ ಕೆಲಸ.

ಅವಳು ನಿನ್ನೆಯಿಂದ ಹೊರಗೆ. ಮೂರು ದಿನ ಪಡಸಾಲೆಯ ಚಾಪೆಯೇ ಗತಿ. ನಮ್ಮವ್ವನ ಕಾಲದ ರೂಢಿ. ಅವ್ವ ಹೋಗಿ ಎಷ್ಟೋ ವರ್ಷವಾಯಿತು, ರೂಢಿ ಮಾತ್ರ ಮನೆಯಲ್ಲೇ ಇದೆ. ಮಗಳು ಶ್ವೇತಾ ಕಾಲೇಜಿಗೆ ಹೋಗುವ ಗಡಿಬಿಡಿಯಲ್ಲಿದ್ದಳು, ಆದ್ದರಿಂದ ಉಪ್ಪಿಟ್ಟು ನಾನೇ ಮಾಡಿದೆ. ಫಕೀರಮ್ಮ ಪಡಸಾಲೆಯಿಂದ "ಉರಿ ಸಣ್ಣ ಮಾಡ್ರಿ, ಈಗ ನೀರು ಹಾಕ್ರಿ" ಎಂದು ಕೂಗುತ್ತಿದ್ದಳು. ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ತಳ ಹಿಡಿಯಿತು.

ಇನ್ನೊಂದು ಸುದ್ದಿ. ಇಂದಿನಿಂದ ಕೆಲಸಕ್ಕೆ ಬರಲಾಗದವರು ಬೆಳಿಗ್ಗೆ ಒಂದು ನಂಬರಿಗೆ ಫೋನು ಮಾಡಿ ಕಾರಣ ಹೇಳಬೇಕು. ಎತ್ತುವುದು ಮನುಷ್ಯರಲ್ಲ, 'ಸಖಿ' ಎಂಬ ಯಂತ್ರ. ಹೆಣ್ಣಿನ ದನಿ, ಬಲು ನಯ. ಹೇಳಿದ್ದನ್ನೆಲ್ಲ ಕೇಳಿ, ಒಂದೇ ಒಂದು ಇಂಗ್ಲಿಷ್ ಪದಕ್ಕೆ ಇಳಿಸಿ ನನ್ನ ಪರದೆಗೆ ಕಳಿಸುತ್ತದೆ. ಜ್ವರ, ಮದುವೆ, ಸಾವು, ಪ್ರವಾಸ, ಹೀಗೆ. ಇಷ್ಟು ದಿನ ಹೆಂಗಸರು ಬರದಿದ್ದರೆ ಕಸ ಗುಡಿಸುವ ಮುದುಕವ್ವ ನನ್ನ ಬಾಗಿಲಿಗೆ ಬಂದು "ಆಕಿಗೆ ಆರಾಮಿಲ್ಲಂತ್ರಿ" ಎಂದು ಹೇಳಿ ಹೋಗುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದೆ. ಇನ್ನು ಮುದುಕವ್ವನಿಗೂ ಆರಾಮ, ನನಗೂ ಆರಾಮ.

ಜೂನ್ ೧೩, ಶುಕ್ರವಾರ

ಇವತ್ತು ಯಂತ್ರಕ್ಕೇ ಪಾಠ ಹೇಳಿದೆ.

ಬಣ್ಣದ ವಿಭಾಗದ ಹನಮಪ್ಪನ ಹೆಸರಿನ ಮುಂದೆ 'ಅಸಮಾಧಾನ' ಎಂದು ಬಂದಿತ್ತು. ಕೂಡಲೇ ಪುಣೆಯಿಂದ ಆದೇಶ: ಅವನನ್ನು ಕರೆದು ಮನಸ್ಸು ತಿಳಿಗೊಳಿಸಿ. ಕರೆದೆ, ಚಹಾ ತರಿಸಿದೆ, ಮೆತ್ತಗೆ ಕೇಳಿದೆ. "ಕಂಪನಿ ಮ್ಯಾಲೆ ನಿನಗೇನು ಬ್ಯಾಸರ ಐತಿ ಹನಮಪ್ಪ? ಮನಸ್ಸು ಬಿಚ್ಚಿ ಹೇಳು."

"ನನಗೇನು ಬ್ಯಾಸರಿಲ್ರಿ. ಹೊಟ್ಟಿ ಕೆಟ್ಟಿತ್ತು. ಮೈಯಾಗ ಆರಾಮಿಲ್ಲ ಅಂತ ಆ ಹುಡುಗಿಗೆ ಹೇಳಿದ್ನೆಲ್ರಿ!"

ಬೇರೆ ಸೀಮೆಯ ಕನ್ನಡ ಕಲಿತ ಯಂತ್ರಕ್ಕೆ ನಮ್ಮ 'ಆರಾಮಿಲ್ಲ' ಅಸಮಾಧಾನವಾಗಿ ಕೇಳಿಸಿದೆ. ಪುಣೆಗೆ ಒಂದು ಪುಟ ಉದ್ದ ಇಂಗ್ಲಿಷ್ ಮೇಲ್ ಬರೆದೆ. ಸಂಜೆಗೆ ಎಚ್.ಆರ್. ಮುಖ್ಯಸ್ಥೆ ಮೇಡಂ ಅವರೇ ಫೋನು ಮಾಡಿ "ವೆರಿ ಗುಡ್ ಮರಿಸ್ವಾಮಿ" ಅಂದರು. ಪಾರ್ಟ್‌ನರ್ ಅಂದರೆ ಇದೇ ಇರಬೇಕು. ಹನಮಪ್ಪ ಎರಡನೇ ಕಪ್ ಚಹಾ ಕೂಡ ಕುಡಿದು ಹೋದ.

ಜುಲೈ ೧೮, ಶುಕ್ರವಾರ

ಲೈನ್ ಲೀಡರ್ ಹುದ್ದೆಗೆ ಅನುಸೂಯಾಳ ಹೆಸರು ಕಳಿಸಿದೆ.

ಬರೆಯುವಾಗ ಎದೆ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ. ಕಾರ್ಖಾನೆಯಲ್ಲಿ ಕೂತು ದುಡಿಯುವವರು ಬಹುತೇಕ ಹೆಂಗಸರು, ಹಳದಿ ಟೋಪಿ ಹಾಕಿಕೊಂಡು ಅವರ ಮೇಲೆ ಕಾವಲು ನಿಲ್ಲುವ ಲೀಡರುಗಳೆಲ್ಲ ಗಂಡಸರು. ಅನುಸೂಯಾ ಲೀಡರ್ ಆದರೆ ಹೆಂಗಸರಲ್ಲಿ ಅವಳೇ ಮೊದಲನೆಯವಳು. ಇರಕಲ್ಲಗಡದವಳು. ಗಂಡ ಹನಮೇಶ ಕುರಿ ಮೇಯಿಸುತ್ತಾನೆ. ಅವಳು ಕಂಪನಿಯ ಬಸ್ಸಿನಲ್ಲಿ ಬಂದು ಗೊಂಬೆಗೆ ಕಣ್ಣು ಕೂರಿಸುತ್ತಾಳೆ. ಬಾಯಿ ಮಾತ್ರ ಜೋರು. ಹೋದ ವರ್ಷ ಗೊಂಬೆ ಕೊಳ್ಳುವ ದೊಡ್ಡ ಮಂದಿ ಬಂದು, ಕಣ್ಣು ತುಸು ಮೇಲೆ ಕೂತಿದೆ ಎಂದು ತಕರಾರು ಮಾಡಿದಾಗ ಎಲ್ಲರೂ ತಲೆ ತಗ್ಗಿಸಿದ್ದರು. ಇವಳು ಎದ್ದು ನಿಂತು ಬಿಟ್ಟಳು.

"ಮಲಗಿದ ಕೂಸು ಗೊಂಬೀನ ಎದಿ ಮ್ಯಾಲೆ ಇಟಗೊಂತೈತ್ರಿ. ಗೊಂಬಿ ಮ್ಯಾಲೆ ನೋಡಿದ್ರ ಕೂಸಿನ ಮಾರಿ ಕಾಣತೈತಿ. ನೀವು ಹೇಳ್ದಂಗ ಇಟ್ರ ಅಂಗಿ ಗುಂಡಿ ನೋಡತೈತಿ."

ಬಂದವರು ನಕ್ಕು ಒಪ್ಪಿಕೊಂಡರು. ಇಂಥವಳನ್ನು ಈ ಕಾರ್ಖಾನೆಗೆ ಆರಿಸಿ ತಂದವನು ನಾನು. ಎಚ್.ಆರ್. ಎಂದರೆ ಏನು ಎಂದು ಯಾರಾದರೂ ಕೇಳಿದರೆ ಅನುಸೂಯಾಳನ್ನು ತೋರಿಸುತ್ತೇನೆ.

ಆಗಸ್ಟ್ ೨೫, ಸೋಮವಾರ

ಮುಖಕ್ಕೆ ಹೊಡೆದ ಹಾಗಾಯಿತು. ಪುಣೆಯಿಂದ ಅನುಸೂಯಾಳ ಹೆಸರು ಕೆಂಪು ಬಣ್ಣದಲ್ಲಿ ವಾಪಸು ಬಂದಿದೆ. 'ಭರವಸೆ ಇಡುವಂಥವಳಲ್ಲ.' ಕಾರಣ: ಜೂನ್, ಜುಲೈ, ಆಗಸ್ಟ್, ಪ್ರತಿ ತಿಂಗಳೂ ಮುಂಚೆ ತಿಳಿಸದೆ ಪ್ರವಾಸ ಹೋಗಿದ್ದಾಳೆ. ಅವಳ ಬದಲಿಗೆ ರವಿಕುಮಾರನ ಹೆಸರು ಸೂಚಿಸಿದ್ದಾರೆ. ಒಳ್ಳೆಯ ಹುಡುಗನೇ, ಆದರೆ ಕಣ್ಣಿಗೂ ಗುಂಡಿಗೂ ವ್ಯತ್ಯಾಸ ಗೊತ್ತಿಲ್ಲ. ಮುಂದಿನ ವಾರದ ಮೀಟಿಂಗಿನಲ್ಲಿ ಅಖೈರು ಮಾಡುತ್ತಾರಂತೆ.

ಅವಳೊಬ್ಬಳೇ ಅಲ್ಲ. ಪರದೆ ಜಾಲಾಡಿದರೆ ನಮ್ಮ ಹೆಂಗಸರಲ್ಲಿ ಅರ್ಧಕ್ಕರ್ಧ ಪ್ರವಾಸದಲ್ಲೇ ಇದ್ದಾರೆ. ಘಟಕದ ಮ್ಯಾನೇಜರ್ ಜಹೀರ ಸಾಹೇಬರು ಇಣುಕಿ ನೋಡಿ, "ಏನ್ರಿ ಮರಿಸ್ವಾಮಿ, ನಮ್ಮ ಹೆಣ್ಮಕ್ಕಳು ಪರದೇಶದವರ ಹಂಗ ಹಂಪಿ ಹತ್ರ ವಿರೂಪಾಪುರಗಡ್ಡಿಗೆ ಹೊಂಟಾರೇನು?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅನುಸೂಯಾಳನ್ನು ಕರೆಸಿ ಬೈದೆ. "ತಿಂಗಳಾ ತಿಂಗಳಾ ಯಾವ ಊರು ತಿರುಗತೀಯವ್ವ? ನಿನ್ನ ಹೆಸರು ನಾ ಬರದು ಕಳಿಸಿದ್ದು. ನನ್ನ ಮರ್ಯಾದಿ ಏನಾತು?"

ಅವಳ ಮುಖ ಕೆಂಪಾಯಿತು. ಒಂದು ಕ್ಷಣ ನನ್ನನ್ನೇ ನೋಡಿದಳು. "ನಾ ಯಾವ ಊರಿಗೂ ಹೋಗಿಲ್ರಿ. ಯಾಕ ಬರಲಿಲ್ಲ ಅನ್ನೂದು ಆಕಿಗೆ ಹೇಳೀನಿ. ಫೋನಿನ್ಯಾಗಿನ ಹುಡುಗಿಗೆ."

"ನನಗ ಹೇಳು."

"ನಿಮಗ ಹೇಳಂಗಿಲ್ರಿ."

ಹೊರಟೇ ಹೋದಳು. ಯಂತ್ರಕ್ಕೆ ಹೇಳುತ್ತಾಳೆ, ನನಗೆ ಹೇಳುವುದಿಲ್ಲ! ಇಷ್ಟು ವರ್ಷ ಇವರ ಮದುವೆ, ಬಾಣಂತನ, ಪಿ.ಎಫ್. ಎಲ್ಲಾ ನೋಡಿಕೊಂಡವನು ನಾನು. ಊಟ ಸೇರಲಿಲ್ಲ.

ಆಗಸ್ಟ್ ೨೬, ಮಂಗಳವಾರ

ಹೆಂಗಸರು ಯಾರೂ ನಮಸ್ಕಾರ ಮಾಡುತ್ತಿಲ್ಲ. ಮುದುಕವ್ವ ನನ್ನ ಕೋಣೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಗುಡಿಸಿದಳು. "ಏನಬೇ, ಏನಾಗೇತಿ?" ಅಂದರೆ, "ಆ ಮಾತಾಡೂ ಪೆಟಗೀನ ಕೇಳ್ರಿ. ಈಗ ಆಕೀನೇ ಎಲ್ಲಾ ಅಲ್ರಿ" ಅಂದಳು.

ಕೇಳಿಯೇ ಬಿಡೋಣ. ಅನುಸೂಯಾ ಸಖಿಗೆ ಏನು ಹೇಳಿದಳೋ ಅದರ ರೆಕಾರ್ಡಿಂಗ್ ಕಳಿಸಿ ಎಂದು ಪುಣೆಗೆ ಬರೆದಿದ್ದೇನೆ. ಸುಳ್ಳು ಹೇಳಿದ್ದರೆ ಅವಳ ಮುಂದೆಯೇ ಅದನ್ನು ಹಚ್ಚಿ ಕೇಳಿಸುತ್ತೇನೆ.

ಆಗಸ್ಟ್ ೨೮, ಗುರುವಾರ

ನಿನ್ನೆ ಗಣೇಶ ಚೌತಿ. ಫಕೀರಮ್ಮ ನಿನ್ನೆ ಬೆಳಿಗ್ಗೆಯೇ ಹೊರಗಾದ್ದರಿಂದ ಪೂಜೆ, ಕಡುಬು ಎಲ್ಲ ಶ್ವೇತಾಳ ಪಾಲಿಗೆ ಬಂತು. ಫಕೀರಮ್ಮ ಚಾಪೆಯ ಮೇಲೆ ಕೂತು ಮಂಗಳಾರತಿ ಕೇಳಿಸಿಕೊಂಡಳು.

ಇವತ್ತು ಸಂಜೆ ರೆಕಾರ್ಡಿಂಗ್ ಬಂತು. ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು, ತಾಯಿ ಮಗಳಿಬ್ಬರಿಗೂ "ನೋಡ್ರಿ, ಈಗ ಕಳ್ಳತನ ಹೊರಗ ಬೀಳತೈತಿ" ಎಂದು ಹೇಳಿ ಫೋನಿನ ದನಿ ಜೋರು ಮಾಡಿದೆ.

ಮೊದಲು ಸಖಿ: "ನಮಸ್ಕಾರ. ತಮ್ಮ ಗೈರುಹಾಜರಿಗೆ ಕಾರಣವನ್ನು ದಯವಿಟ್ಟು ತಿಳಿಸಿ."

ಆಮೇಲೆ ಅನುಸೂಯಾ, ತಂಗಿಯ ಜೊತೆ ಮಾತಾಡುವಂತೆ: "ಯವ್ವಾ, ನಾ ಹೊರಗ ಅದೀನಿ. ಹೊಟ್ಟಿ ಭಾಳ ಹಿಡದೈತಿ. ಎರಡು ದಿನ ಬರಂಗಿಲ್ಲ. ಸಾಹೇಬ್ರಿಗೆ ನೀನಾ ಏನರ ಹೇಳ್ಕೋ, ನಮ್ಮವ್ವ."

ಫೋನು ಆರಿಸಲು ಹೋಗಿ ಕೈಯಿಂದ ಜಾರಿ ಬಿತ್ತು. ಶ್ವೇತಾ ಪುಸ್ತಕದೊಳಗೆ ತಲೆ ಹಾಕಿದಳು. ಫಕೀರಮ್ಮ ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯ ನಿಮ್ಮ! ಆಕಿ ಹೊರಗ ಆಗ್ಯಾಳ. ನಿಮ್ಮ ಪೆಟಗಿ ಊರ ಹೊರಗ ಕಳಿಸೇತಿ! ನಾನೂ ನಿನ್ನೆಯಿಂದ ಪ್ರವಾಸದಾಗ ಅದೀನಿ, ಬರಕೋರಿ."

ಸಾಯುವಷ್ಟು ನಾಚಿಕೆಯಾಯಿತು. ಈಗ ಎಲ್ಲಾ ತಿಳಿಯಿತು. ಹೆಣ್ಣಿನ ದನಿ ಎಂದು ನಂಬಿ ಹೆಂಗಸರು ಅದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾರೆ. ಇಷ್ಟು ದಿನ ಮುದುಕವ್ವ ಅದನ್ನೇ 'ಆರಾಮಿಲ್ಲ' ಮಾಡಿ ನನ್ನ ತನಕ ತರುತ್ತಿದ್ದಳು. ಆ ಮಾತು ಕಾರ್ಖಾನೆಯಲ್ಲಿ ನನ್ನ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಆ ಹೆಣ್ಣುಮಗಳಿಗೆ ಯಾವ ಊರು ತಿರುಗುತ್ತೀ ಎಂದು ಕೇಳಿದೆನಲ್ಲ, ಅದೂ ಬಾಗಿಲು ತೆರೆದಿಟ್ಟು, ಇಡೀ ಸಾಲಿಗೆ ಕೇಳುವ ಹಾಗೆ.

ಸೆಪ್ಟೆಂಬರ್ ೧, ಸೋಮವಾರ

ಅನುಸೂಯಾಳನ್ನು ಕ್ಯಾಂಟೀನಿನ ಹಿಂದಿನ ಬೇವಿನ ಗಿಡದ ಹತ್ತಿರ ಕರೆದೆ. ಮುದುಕವ್ವನೂ ಪೊರಕೆ ಹಿಡಿದು ಬಂದಳು. ಇರಲಿ ಅಂದೆ.

ನೆಲ ನೋಡುತ್ತಾ, "ನನಗ ತಿಳೀತವ್ವ. ಅವತ್ತು ಹಂಗ ಅನ್ನಬಾರದಿತ್ತು" ಅಂದೆ. ಅಷ್ಟು ಹೇಳುವುದರಲ್ಲಿ ಬೆವತು ಹೋದೆ. ಆಮೇಲೆ ನನ್ನ ಉಪಾಯ ಹೇಳಿದೆ. "ಗುರುವಾರ ಮೀಟಿಂಗ್ ಐತಿ. ನಿನ್ನ ಹೆಸರಿನ ಮುಂದ ಜ್ವರ ಅಂತ ತಿದ್ದಿ ಕೊಡ್ತೀನಿ. ಮುಂದಕ್ಕ ನೀನೂ ಫೋನಿನ್ಯಾಗ ಜ್ವರ ಅಂತ ಹೇಳು. ಮುಗೀತು."

"ನನಗ ಜ್ವರ ಯಾಕ ಬರಬೇಕ್ರಿ? ಉಳದವರು? ಅವರಿಗೂ ಜ್ವರಾ ಬರಬೇಕೇನು?"

"ಮತ್ತ ಏನು ಮಾಡೂಣು?"

"ನಾವು ಹೇಳಬೇಕಾದವರಿಗೆ ಹೇಳೀವ್ರಿ. ಅದು ತಿಳ್ಕೊಳ್ಲಿಲ್ಲ. ಇನ್ನ ನೀವಾ ಹೇಳ್ರಿ. ಎಚ್.ಆರ್. ಅದೀರಲ್ರಿ?"

"ಅಷ್ಟೂ ಗಂಡಸರ ಮುಂದ?"

"ನಮ್ಮನ್ನ ಅಷ್ಟೂ ಮಂದಿ ಮುಂದ ಕೇಳಿದ್ರೆಲ್ರಿ." ದನಿ ಒಡೆಯಿತು, ಆದರೂ ಕಣ್ಣು ತಗ್ಗಿಸಲಿಲ್ಲ. "ಸಾಹೇಬ್ರ, ಆ ಹಳದಿ ಟೊಪ್ಪಿಗಿ ನನಗ ಬೇಕ್ರಿ. ಸುಳ್ಳು ಹೇಳಿ ಬ್ಯಾಡ."

ಎಂಥ ಹೆಂಗಸು! ಸಿಟ್ಟೂ ಬಂತು, ಅಭಿಮಾನವೂ ಬಂತು.

ಸೆಪ್ಟೆಂಬರ್ ೩, ಬುಧವಾರ

ನಾಳೆ ಮೀಟಿಂಗ್. ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. 'ಲೇಡೀಸ್ ಪ್ರಾಬ್ಲೆಮ್' ಸಭ್ಯವಾಗಿದೆ ಅನಿಸಿತು. ಶ್ವೇತಾ ಕೇಳಿಸಿಕೊಂಡು, "ಅದು ಪ್ರಾಬ್ಲೆಮ್ ಅಲ್ಲಪ್ಪ" ಅಂದಳು. ಈಗಿನ ಮಕ್ಕಳಿಗೆ ಎಲ್ಲಾ ಸಲೀಸು.

ಸೆಪ್ಟೆಂಬರ್ ೪, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಪರದೆಯ ತುಂಬ ಮುಖಗಳು. ಬೇರೆ ಬೇರೆ ಊರಿನ ಘಟಕಗಳ ಎಚ್.ಆರ್.ಗಳು, ಮೇಡಂ ಒಬ್ಬರನ್ನು ಬಿಟ್ಟರೆ ಎಲ್ಲರೂ ಗಂಡಸರು. ಪಕ್ಕದಲ್ಲಿ ಜಹೀರ ಸಾಹೇಬರು. ಅನುಸೂಯಾಳ ಹೆಸರು ಬಂದ ಕೂಡಲೇ ಕೈ ಎತ್ತಿದೆ. "ಮೇಡಂ, ಇದು ಪ್ರವಾಸ ಅಲ್ಲ. ಇದು ಲೇಡೀಸ್ ಪ್ರಾಬ್ಲೆಮ್."

ಯಾರೋ ಒಬ್ಬ, "ಲೇಡೀಸ್ ಅಂದಮೇಲೆ ಪ್ರಾಬ್ಲೆಮ್ ಇದ್ದದ್ದೇ" ಅಂದ. ನಾಲ್ಕಾರು ಮುಖಗಳು ನಕ್ಕವು.

ನನಗೆ ತಲೆ ಕೆಟ್ಟಿತು. ಬೇವಿನ ಗಿಡದ ಕೆಳಗೆ ನಿಂತವಳ ಮುಖ ಕಣ್ಣ ಮುಂದೆ ಬಂತು. ಕಲಿತ ಇಂಗ್ಲಿಷೆಲ್ಲ ಹಾರಿಹೋಯಿತು, ನಮ್ಮ ಭಾಷೆಯೇ ಬಾಯಿಗೆ ಬಂತು.

"ನಗೂ ಮಾತಲ್ಲಿದು! ಹೊರಗ ಅಂದ್ರ ಊರ ಹೊರಗ ಅಲ್ಲ. ಮುಟ್ಟು! ನಮ್ಮ ಹೆಣ್ಮಕ್ಕಳು ಮುಟ್ಟಾದಾಗ ಹೊರಗ ಅದೀನಿ ಅಂತಾರ. ನಿಮ್ಮ ಯಂತ್ರ ಅವರನ್ನೆಲ್ಲಾ ಟೂರಿಗೆ ಕಳಿಸೇತಿ!"

ಅದನ್ನೇ ಹಿಂದಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳಿದೆ. ಜಹೀರ ಸಾಹೇಬರು ಮೇಜಿನ ಮೇಲಿದ್ದ ಪೆನ್ನಿನ ಟೋಪಿ ತೆಗೆಯುವುದು, ಹಾಕುವುದು ಮಾಡುತ್ತಿದ್ದರು.

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೊದಲು ಸಿಟ್ಟು ಅಂದುಕೊಂಡೆ. ಅಲ್ಲ, ನಗು. ಹಿಂದಿಯಲ್ಲಿ ನಿಧಾನಕ್ಕೆ ಹೇಳಿದರು: "ನಮ್ಮ ಅಜ್ಜಿಯೂ ಇದನ್ನೇ ಅನ್ನುತ್ತಿದ್ದಳು. ಮರಾಠಿಯಲ್ಲಿ ಬಾಹೇರ್, ಹೊರಗೆ ಅಂತ. ನಾನು ಚಿಕ್ಕವಳಿದ್ದಾಗ ಅಮ್ಮ ತಿಂಗಳಿಗೊಮ್ಮೆ ಎಲ್ಲಿಗೋ ಹೋಗುತ್ತಾಳೆ ಅಂತ ಬಾಗಿಲಲ್ಲಿ ನಿಂತು ಅಳುತ್ತಿದ್ದೆ. ಸಖಿಗೂ ಅಷ್ಟೇ ವಯಸ್ಸು."

ಆಮೇಲೆ ನಗು ನಿಲ್ಲಿಸಿ ಕೇಳಿದರು. "ಅವರು ಯಂತ್ರಕ್ಕೆ ಹೇಳಿದರು, ನಿಮಗೆ ಹೇಳಲಿಲ್ಲ. ಹಾಗಾದರೆ ನಿಮ್ಮ ಕೆಲಸ ಏನು ಮರಿಸ್ವಾಮಿ?"

ನನಗೂ ಹೇಗೆ ಹೊಳೆಯಿತೋ! "ಅದು ಕೇಳಿಸಿಕೊಂಡಿತು ಮೇಡಂ, ತಿಳಿದುಕೊಳ್ಳಲಿಲ್ಲ. ತಿಳಿದುಕೊಳ್ಳೋದು ನನ್ನ ಕೆಲಸ" ಅಂದೆ.

ಪ್ರವಾಸದ ಕೆಂಪು ಗುರುತುಗಳನ್ನೆಲ್ಲ ತೆಗೆಯುತ್ತಾರೆ. ಬರೀ ಅನುಸೂಯಾಳದ್ದಲ್ಲ, ಎಲ್ಲರದ್ದೂ. ಇನ್ನು ಮುಂದೆ ಆ ರಜೆ ಯಾರ ಬಡ್ತಿಗೂ ಅಡ್ಡ ಬರುವಂತಿಲ್ಲ. ಲೈನ್ ಲೀಡರ್: ಅನುಸೂಯಾ, ಇರಕಲ್ಲಗಡ.

ಮನೆಗೆ ಬಂದು ನನ್ನ ಉತ್ತರವನ್ನು ಫಕೀರಮ್ಮನಿಗೆ ಎರಡು ಸಲ ಹೇಳಿದೆ. "ನಾ ಹೇಳಿದ್ದಕ್ಕ ನಿಮಗ ತಿಳೀತು" ಅಂದಳು. ಹೇಳಲಿ. ಇವತ್ತು ನನಗೆ ಯಾರ ಮೇಲೂ ಸಿಟ್ಟಿಲ್ಲ.

ಸೆಪ್ಟೆಂಬರ್ ೮, ಸೋಮವಾರ

ಅನುಸೂಯಾ ಹಳದಿ ಟೋಪಿ ಹಾಕಿಕೊಂಡಳು. ಜಡೆ ದಪ್ಪ, ಮುಡಿದ ಮಲ್ಲಿಗೆ ಬೇರೆ, ಟೋಪಿ ಒಂದು ಕಡೆಗೆ ವಾಲಿತ್ತು. ಹನಮೇಶ ಕುರಿಗಳನ್ನು ಯಾರಿಗೋ ಒಪ್ಪಿಸಿ ಗೇಟಿನ ತನಕ ಬಂದು ನಿಂತಿದ್ದ. ಒಳಗೆ ಬಿಡಬಾರದು ಎಂದು ನಿಯಮ. ನಿಯಮ ಬರೆದವನು ನಾನೇ, ಆದ್ದರಿಂದ ಬಿಟ್ಟೆ.

ಸಾಲಿನ ಮುಂದೆ ನಿಂತು ಅವಳು ಹೇಳಿದ ಮೊದಲ ಮಾತು, "ಎಲ್ಲಾರೂ ಕಣ್ಣು ನೆಟ್ಟಗ ಕೂಡಸ್ರಿ. ಮಾತು ಆಮ್ಯಾಲೆ." ಮುದುಕವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಕಣ್ಣಿಗೆ ಧೂಳು ಬಿದ್ದಿತ್ತು.

ಸೆಪ್ಟೆಂಬರ್ ೨೨, ಸೋಮವಾರ

ಬೆಳಿಗ್ಗೆ ಬಸ್ಸು ಬಂದ ಸ್ವಲ್ಪ ಹೊತ್ತಿಗೆ ಅನುಸೂಯಾ ನನ್ನ ಕೋಣೆಯ ಬಾಗಿಲಿಗೆ ಬಂದಳು. ಹೊಸ್ತಿಲ ಆಚೆಯೇ ನಿಂತು, ನನ್ನ ಮುಖ ನೋಡಿಯೇ ಹೇಳಿದಳು.

"ಸಾಹೇಬ್ರ, ಇವತ್ತು ಹೊರಗ ಆಗೀನ್ರಿ. ಸಂಜಿತನಕ ಇರತೀನಿ. ನಾಳೆ ಬರಂಗಿಲ್ಲ. ಲೈನ್ ನನ್ನ ಬಾಜೂಕ ಕೂಡತಿದ್ದ ಖುಷ್ಬು ನೋಡ್ಕೊಂತಾಳ, ಎಲ್ಲಾ ಹೇಳಿ ಕೊಟ್ಟೀನಿ."

ಕಾರಿಡಾರಿನಲ್ಲಿ ಮುದುಕವ್ವನ ಪೊರಕೆಯ ಸದ್ದು ನಿಂತಿತು. ಸಖಿಯ ನಂಬರಿದೆ, ಪುಣೆಯವರು ತಿದ್ದಿದ ಮೇಲೆ ಅದಕ್ಕೆ ಈ ಮಾತು ಈಗ ಚೆನ್ನಾಗಿ ತಿಳಿಯುತ್ತದೆ. ಆದರೂ ನನಗೆ ಹೇಳಲು ಬಂದಿದ್ದಳು. ಕಣ್ಣು ಮೇಜಿನ ಕಡೆಗೆ ಇಳಿಯುತ್ತಿತ್ತು, ತಡೆದುಕೊಂಡೆ.

"ಆತವ್ವ. ಹೊರಗ್ಯಾಕ ನಿಂತಿ? ಒಳಗ ಬಾ. ಈ ತಿಂಗಳ ಹೊಸ ಹುಡುಗ್ಯಾರ ಟ್ರೇನಿಂಗ್ ಬಗ್ಗೆ ಮಾತಾಡೂದೈತಿ."

ಹೊಸ್ತಿಲನ್ನೊಮ್ಮೆ ನೋಡಿದಳು. ದಾಟಿ ಬಂದು ಕುರ್ಚಿ ಎಳೆದು ಕೂತಳು. ಟ್ರೇನಿಂಗ್ ಬಗ್ಗೆ ಅವಳ ಸಲಹೆಗಳು ಚೆನ್ನಾಗಿವೆ, ನನ್ನ ಹೆಸರಿನಲ್ಲೇ ಪುಣೆಗೆ ಕಳಿಸೋಣ ಅಂದುಕೊಂಡೆ. ಆಮೇಲೆ ಅವಳ ಹೆಸರನ್ನೂ ಸೇರಿಸಿದೆ. ಮೊದಲು ಅವಳದ್ದು, ಕೆಳಗೆ ನನ್ನದು.

ಸೆಪ್ಟೆಂಬರ್ ೨೬, ಶುಕ್ರವಾರ

ಕಾರ್ಖಾನೆಯಲ್ಲಿ ವಿಶೇಷವೇನೂ ಇಲ್ಲ.

ಮನೆಗೆ ಬಂದಾಗ ಫಕೀರಮ್ಮ ಪಡಸಾಲೆಯ ಚಾಪೆಯ ಮೇಲೆ ಕೂತಿದ್ದಳು. ಶ್ವೇತಾ ಗೆಳತಿಯ ಮನೆಗೆ ಹೋಗಿದ್ದಳು, ಮತ್ತೆ ಉಪ್ಪಿಟ್ಟು ನನ್ನ ಪಾಲಿಗೆ ಬಂತು. ಒಲೆಯ ಮುಂದೆ ನಿಂತು ರವೆ ಹುರಿಯುತ್ತಿದ್ದೆ. ಅವಳು ಅಲ್ಲಿಂದ ಏನೋ ಕೂಗಿದಳು, ಸೌಟಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ.

"ಹೊರಗ್ಯಾಕ ಕುಂತಿ? ಒಳಗ ಬಂದು ಹೇಳು" ಎಂದು ಗದರಿದೆ.

ಈ ಸಲ ಕೇಳಿಸುವ ಹಾಗೆ, "ನವರಾತ್ರಿ ದೀಪ ಐತ್ರಿ ಮನ್ಯಾಗ" ಅಂದಳು.

"ದೀಪ ದೇವರ ಖೋಲ್ಯಾಗ ಐತಿ. ಇಲ್ಲಿ ರವಾ ಹೊತ್ತತೈತಿ, ಬಾ."

ಬಾಗಿಲಲ್ಲಿ ಒಂದು ಗಳಿಗೆ ನಿಂತಳು. "ಏನಾಗೇತ್ರಿ ನಿಮಗ?" ಅಂದಳು. ಏನಾಗಬೇಕು? ಹಸಿವಾಗಿತ್ತು. ಮಣೆ ತಂದು ಒಲೆಯ ಪಕ್ಕದಲ್ಲೇ ಹಾಕಿದೆ, ಕೂತಳು. ಪಡಸಾಲೆಯಿಂದ ಕೂಗಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಅನುಕೂಲ, ಮೊದಲೇ ಹೊಳೆಯಬೇಕಿತ್ತು. ಅವಳು ಉರಿ ಸಣ್ಣ ಮಾಡಿಸಿದಳು, ನೀರಿನ ಅಳತೆ ಬೆರಳಿನಿಂದ ತೋರಿಸಿದಳು. ಒಂದೇ ತಟ್ಟೆಯಲ್ಲಿ ತಿಂದೆವು.

ಇವತ್ತು ಉಪ್ಪಿಟ್ಟು ತಳ ಹಿಡಿಯಲಿಲ್ಲ.